ಸಣ್ಣ ಕೋಳಿಹಿಂಡಿಗೆ ಸರಿಸುವ ಗೂಡು: ಅದರ ಅಳತೆಯನ್ನು ಗೊತ್ತುಮಾಡುವ ಕ್ರಮ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ನಮ್ಮ ಸೀಮೆಯ ಬೇಸಾಯಗಾರರಲ್ಲಿ ಕೋಳಿ ಸಾಕುವ ಮನೆಗಳು ಬಹಳವಾಗಿದ್ದರೂ, ಕೋಳಿಗೆಂದು ತಕ್ಕ ವಸತಿಯನ್ನು ಏರ್ಪಡಿಸಿದವರು ವಿರಳ. ಐದಾರು ಹೇಂಟೆಗಳೂ ಒಂದು ಹುಂಜವೂ ಹಗಲೆಲ್ಲ ತಿಪ್ಪೆ, ಕಣ, ಹಿತ್ತಲುಗಳಲ್ಲಿ ಕೆದಕಿ ಹೊಟ್ಟೆ ಹೊರೆದುಕೊಳ್ಳುವುವು. ಸಂಜೆಯಾದೊಡನೆ ಮಂಕರಿಯ ಅಡಿಯಲ್ಲೋ, ದನದ ಕೊಟ್ಟಿಗೆಯ ಮೂಲೆಯಲ್ಲೋ, ಹಿತ್ತಲ ಮರದ ಕೊಂಬೆಯ ಮೇಲೋ ರಾತ್ರಿಯನ್ನು ಕಳೆಯುವುವು. ಇದರಲ್ಲಿ ಖರ್ಚಿಲ್ಲವೆಂಬುದು ನಿಜ. ಆದರೆ ನಷ್ಟವಿಲ್ಲವೆಂದು ಹೇಳುವಂತಿಲ್ಲ. ಮುಂಗುಸಿಗೂ ಕಾಡುಬೆಕ್ಕಿಗೂ ಬೀದಿನಾಯಿಗೂ ತುತ್ತಾಗುವ ಕೋಳಿಗಳೆಷ್ಟು, ಬೇಲಿಯ ಮರೆಯಲ್ಲಿ ಇಟ್ಟು ಕೆಟ್ಟುಹೋಗುವ ಮೊಟ್ಟೆಗಳೆಷ್ಟು, ಒಂದೇ ತೇವದ ಜಾಗದಲ್ಲಿ ದಿನವೂ ಮಲಗಿ ಬೇನೆ ಬಿದ್ದು ಸಾಯುವ ಪಿಳ್ಳೆಗಳೆಷ್ಟು ಎಂಬುದನ್ನು ಮನೆಯ ಹೆಂಗಸರನ್ನು ಕೇಳಿದರೆ ತಿಳಿಯುತ್ತದೆ. ಇದಲ್ಲದೆ ಹೊಲಕ್ಕೆ ಸೇರಬೇಕಾದ ಸಾರವತ್ತಾದ ಗೊಬ್ಬರವು ಜಗಲಿಯ ಮೇಲೂ ಬೀದಿಯಲ್ಲೂ ಬಿದ್ದು ವ್ಯರ್ಥವಾಗುತ್ತದೆ.

ಈ ನಷ್ಟಗಳಲ್ಲಿ ಹೆಚ್ಚಿನ ಭಾಗವನ್ನು ತಪ್ಪಿಸತಕ್ಕ ಸುಲಭವಾದ ಸಾಧನವು ಸರಿಸುವ ಗೂಡು. ಕೋಳಿಗಳನ್ನು ಒಂದು ಹಗುರವಾದ ಗೂಡಿನಲ್ಲಿಟ್ಟು, ಆ ಗೂಡನ್ನೇ ದಿನಕ್ಕೊಂದು ಜಾಗಕ್ಕೆ ಸರಿಸುತ್ತ ಹೋಗುವುದು ಇದರ ಕ್ರಮ. ಕೋಳಿ ಸಾಕಣೆಯು ಪಶುಪಾಲನೆಯವರಿಗೆ ಸೇರಿದ ವಿಷಯವಾದರೂ, ನೆಲಕ್ಕೂ ಗೊಬ್ಬರಕ್ಕೂ ತೋಟಕ್ಕೂ ಇದರ ಸಂಬಂಧವು ಹತ್ತಿರದ್ದಾದುದರಿಂದ ಈ ಪತ್ರಿಕೆಯಲ್ಲಿ ಇದನ್ನು ವಿವರಿಸುವುದು ಅನುಚಿತವಾಗಲಾರದು. ಗೂಡನ್ನು ಕಟ್ಟುವ ಬಗೆಯನ್ನು ಬಲ್ಲ ಬಡಗಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಿಗೆ ಯಜಮಾನರು ಹೇಳಬೇಕಾದುದು ಅಳತೆಯನ್ನು. ಆ ಅಳತೆಯನ್ನು ಗೊತ್ತುಮಾಡುವುದರಲ್ಲಿಯೇ ಬಹುಮಂದಿ ತಪ್ಪುವರು. ಈ ಲೇಖಕನೂ ಒಮ್ಮೆ ತಪ್ಪಿದವನೇ ಆದುದರಿಂದ, ಆ ಸಂಗತಿಯನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ.

ಒಂದು ಅನುಭವ

ಕೆಲವು ವರ್ಷಗಳ ಕೆಳಗೆ ತುಮಕೂರು ಜಿಲ್ಲೆಯ ತೆಂಗಿನ ತೋಟಗಳ ಸೀಮೆಯಲ್ಲಿ, ಒಂದು ಗ್ರಾಮದ ಪ್ರಮುಖರೊಬ್ಬರು ತಮ್ಮ ತೋಟಕ್ಕೆ ಸರಿಸುವ ಕೋಳಿಗೂಡು ಬೇಕೆಂದು ನನ್ನ ಸಲಹೆಯನ್ನು ಕೇಳಿದರು. ಕೋಳಿಗಳು ೨೪ ಇದ್ದುವು. ಇಕ್ಕಟ್ಟಾಗಬಾರದೆಂದು ನಾನು ಒಂದೊಂದು ಕೋಳಿಗೆ ೨ ಚದರ ಅಡಿಯಂತೆ ಲೆಕ್ಕಹಾಕಿ, ೮ ಅಡಿ ಉದ್ದ ೬ ಅಡಿ ಅಗಲದ ಗೂಡನ್ನು ಬರೆದುಕೊಟ್ಟೆ. ಬಾಳಿಕೆ ಬರಲೆಂದು ಕಟ್ಟಿಗೆ ಮತ್ತಿಯ ಮರ, ಗೋಡೆಗೂ ನೆಲಕ್ಕೂ ಒಂದು ಅಂಗುಲದ ಹಲಗೆ, ಮೇಲೆ ತಗಡು, ಕೆಳಗೆ ನಾಲ್ಕು ಕಬ್ಬಿಣದ ಚಕ್ರ. ಗೂಡು ನೋಡಲು ಬಹಳ ಚೆನ್ನಾಗಿತ್ತು. ನೆರೆಯ ಊರುಗಳಿಂದಲೂ ಜನರು ಬಂದು ನೋಡಿ ಹೋದರು. ಅದರ ತೂಕವು ೩೫೦ ಕಿಲೋಗೆ ಮೀರಿತ್ತೆಂಬುದನ್ನು ಆಗ ಯಾರೂ ಲೆಕ್ಕಮಾಡಲಿಲ್ಲ.

ಬೇಸಿಗೆಯಲ್ಲಿ ನೆಲ ಗಟ್ಟಿಯಾಗಿದ್ದಾಗ ನಾಲ್ಕು ಆಳುಗಳು ಸೇರಿ ವಾರಕ್ಕೊಮ್ಮೆ ಅದನ್ನು ತಳ್ಳುತ್ತಿದ್ದರು. ಮುಂಗಾರು ಹಿಡಿಯಿತು; ಚಕ್ರಗಳು ಹೂತುಕೊಂಡುವು; ಆಳುಗಳು ಬಿತ್ತನೆಯ ಕೆಲಸಕ್ಕೆ ಹೋದರು. ಗೂಡು ಕೊಟ್ಟಿಗೆಯ ಪಕ್ಕದಲ್ಲಿ ನಿಂತಲ್ಲಿಯೇ ಎರಡು ತಿಂಗಳು ನಿಂತಿತು. ಗೂಡಿನೊಳಗೂ ಅದರ ಸುತ್ತಲೂ ನೆಲವೆಲ್ಲ ಹಿಕ್ಕೆಯಿಂದ ಕೆಸರಾಯಿತು. ಆ ಕಾಲದಲ್ಲಿ ಎರಡು ಹೇಂಟೆಗಳು ಎಬ್ಬಿಸಿದ ೧೮ ಪಿಳ್ಳೆಗಳಲ್ಲಿ ರಕ್ತಭೇದಿಯಾಗಿ ೧೩ ಸತ್ತುವು. ನಾನು ಹೋದಾಗ ಯಜಮಾನರು ಏನೂ ಆಡಲಿಲ್ಲ. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದ ಅವರ ತಾಯಿಯವರು ಮಾತ್ರ, "ಸ್ವಾಮಿ, ಗೂಡಿನಲ್ಲಿ ಎಷ್ಟು ಕೋಳಿ ಇರ್ತವೆ ಅಂತ ಕೇಳಿದಿರಿ, ಗೂಡನ್ನು ಎತ್ತೋರು ಯಾರು ಅಂತ ಕೇಳಲಿಲ್ಲ" ಎಂದರು.

ಆ ಒಂದು ಮಾತಿನಲ್ಲಿ ಈ ಲೇಖನದ ಸಾರವೆಲ್ಲ ಅಡಗಿದೆ. ಸರಿಸಲಾಗದ ಸರಿಸುವ ಗೂಡು ಸ್ಥಿರವಾದ ಗೂಡಿಗಿಂತಲೂ ಕೆಟ್ಟದ್ದು. ಏಕೆಂದರೆ ಸ್ಥಿರವಾದ ಗೂಡಿನ ಯಜಮಾನನು ಅದನ್ನು ಗುಡಿಸಬೇಕೆಂದಾದರೂ ತಿಳಿದಿರುತ್ತಾನೆ.

ದಿನವೂ ಸರಿಸಬೇಕೇಕೆ?

ಪಿಳ್ಳೆಗಳ ರಕ್ತಭೇದಿಯು ಕಾಕ್ಸಿಡಿಯ ಎಂಬ ಕಣ್ಣಿಗೆ ಕಾಣದ ಜೀವಿಯಿಂದ ಬರತಕ್ಕದ್ದು. ಬೇನೆಯ ಕೋಳಿಯ ಹಿಕ್ಕೆಯಲ್ಲಿ ಇದರ ತತ್ತಿಗಳು ಹೊರಬೀಳುತ್ತವೆ. ಬಿದ್ದ ಕೂಡಲೇ ಅವುಗಳಿಗೆ ರೋಗವನ್ನು ಹರಡುವ ಶಕ್ತಿಯಿರುವುದಿಲ್ಲ. ಬೆಚ್ಚಗಿನ ತೇವದ ನೆಲದಲ್ಲಿ ಒಂದೆರಡು ದಿನ ಇದ್ದ ಮೇಲೆ ಅವು ಬಲಿತು, ಆಮೇಲೆ ಅವುಗಳನ್ನು ಕುಕ್ಕಿ ತಿಂದ ಪಿಳ್ಳೆಗೆ ಬೇನೆಯನ್ನು ತರುತ್ತವೆ. ಕರುಳಿನ ಜಂತುಹುಳುವಿನ ಮೊಟ್ಟೆಗಳು ಬಲಿಯಲು ಹತ್ತು ಹದಿನೈದು ದಿನಗಳಾದರೂ ಬೇಕು. ಆದುದರಿಂದ ಹಿಕ್ಕೆ ಬಿದ್ದ ನೆಲವನ್ನು ಮಾರನೆಯ ದಿನವೇ ಬಿಟ್ಟು ಮುಂದಕ್ಕೆ ಹೋದ ಹಿಂಡು ಈ ಎರಡು ಪೀಡೆಗಳಿಂದಲೂ ಬಹುಮಟ್ಟಿಗೆ ಪಾರಾಗುತ್ತದೆ. ವಾರಕ್ಕೊಮ್ಮೆ ಸರಿಸಿದರೆ ಜಂತುಹುಳು ಕಡಿಮೆಯಾದೀತು, ರಕ್ತಭೇದಿ ನಿಲ್ಲಲಾರದು. ಗೂಡಿನ ತೂಕದ ಪ್ರಶ್ನೆಯು ಇಷ್ಟು ಮುಖ್ಯವಾಗಿರುವುದು ಈ ಕಾರಣದಿಂದಲೇ.

ಹೀಗಿರುವಲ್ಲಿ, ಬಡಗಿಯನ್ನು ಕರೆಯುವುದಕ್ಕೆ ಮುಂಚೆ ಯಜಮಾನರು ಮೂರು ಲೆಕ್ಕಗಳನ್ನು ಮಾಡಿಕೊಳ್ಳತಕ್ಕದ್ದು: ಮೊದಲನೆಯದು ಕೋಳಿಗಳ ಲೆಕ್ಕ, ಎರಡನೆಯದು ಎತ್ತುವವರ ಲೆಕ್ಕ, ಮೂರನೆಯದು ನೆಲದ ಲೆಕ್ಕ.

೧. ಕೋಳಿಗಳ ಲೆಕ್ಕ

ಸರಿಸುವ ಗೂಡುಗಳು ಎರಡು ವಿಧ. ಹಗಲೆಲ್ಲ ಕೋಳಿಗಳನ್ನು ಹೊರಗೆ ಬಿಟ್ಟು ರಾತ್ರಿ ಮಾತ್ರ ಕೂಡುವ ಗೂಡು ಒಂದು. ಇದನ್ನು ರಾತ್ರಿಗೂಡೆಂದು ಕರೆಯೋಣ. ರಾತ್ರಿಗೂಡಿಗೆ ತಂತಿಬಲೆಯ ಅಂಗಳವನ್ನು ಸೇರಿಸಿ ಹಗಲೂ ಅದರೊಳಗೇ ಕೋಳಿಗಳನ್ನಿಡುವುದು ಇನ್ನೊಂದು. ಇದನ್ನು ಅಂಗಳದ ಗೂಡೆನ್ನೋಣ.

ರಾತ್ರಿಗೂಡಿನ ಅಳತೆಯನ್ನು ಗೊತ್ತುಮಾಡುವುದು ನೆಲವಲ್ಲ, ಕೋಳಿಗಳು ಕೂರುವ ಅಡ್ಡಗೋಲು. ಕೋಳಿಯು ರಾತ್ರಿ ನೆಲದ ಮೇಲೆ ಮಲಗುವುದಕ್ಕಿಂತ ಗೋಲಿನ ಮೇಲೆ ಕೂರುವುದನ್ನೇ ಬಯಸುತ್ತದೆ. ನಾಟಿ ಕೋಳಿಯೊಂದಕ್ಕೆ ಗೋಲಿನ ಮೇಲೆ ೮ ಅಂಗುಲದ ಜಾಗ ಬೇಕು. ೧೨ ಕೋಳಿಗಳಿಗೆ ೯೬ ಅಂಗುಲ, ಎಂದರೆ ೮ ಅಡಿ. ಇದನ್ನು ೪ ಅಡಿಯ ಎರಡು ಗೋಲುಗಳಾಗಿ ಮಾಡಬಹುದು. ಗೋಲಿಗೂ ಗೋಡೆಗೂ ನಡುವೆ ೧೦ ಅಂಗುಲ, ಗೋಲಿಗೂ ಗೋಲಿಗೂ ನಡುವೆ ೧೪ ಅಂಗುಲ ಬಿಡಬೇಕು. ೧೦, ೧೪, ೧೦ ಇವನ್ನು ಕೂಡಿದರೆ ೩೪ ಅಂಗುಲ. ಇದನ್ನು ಸುಮಾರು ೩ ಅಡಿ ಎಂದಿಟ್ಟುಕೊಳ್ಳಬಹುದು. ಹೀಗೆ ೧೨ ಕೋಳಿಗಳ ರಾತ್ರಿಗೂಡಿಗೆ ೪ ಅಡಿ ಉದ್ದ, ೩ ಅಡಿ ಅಗಲ ಸಾಕು. ತಲೆಗೆ ಒಂದು ಚದರ ಅಡಿ ಬರುತ್ತದೆ. ಹಗಲೆಲ್ಲ ಹೊರಗೆ ತಿರುಗುವ ಕೋಳಿಗೆ, ಗಾಳಿ ಚೆನ್ನಾಗಿ ಆಡುವಂತಿದ್ದರೆ, ಇದು ಕಡಿಮೆಯಲ್ಲ. ನನ್ನ ಮೊದಲನೆಯ ಗೂಡು ಇದರ ಎರಡರಷ್ಟಿತ್ತು. ಆ ಹೆಚ್ಚಿನ ಜಾಗದಿಂದ ಕೋಳಿಗಳಿಗಾದ ಸುಖ ಏನೂ ಇಲ್ಲ.

ಗೋಲುಗಳೆರಡೂ ಒಂದೇ ಎತ್ತರದಲ್ಲಿರಬೇಕು. ಒಂದು ಮೇಲಾಗಿ ಒಂದು ಕೆಳಗಾಗಿದ್ದರೆ ಕೋಳಿಗಳೆಲ್ಲ ಮೇಲಿನದಕ್ಕೆ ಕಾದಾಡುತ್ತವೆ. ಗೋಲು ೨ ಅಂಗುಲ ಅಗಲವಾಗಿದ್ದು ಅಂಚುಗಳು ಉರುಟಾಗಿರಲಿ. ಗೂಡಿನ ನೆಲವು ಭೂಮಿಗೆ ಅರ್ಧ ಅಡಿ ಮೇಲೆ, ಅದಕ್ಕೆ ಒಂದು ಅಡಿ ಮೇಲೆ ಗೋಲು, ಗೋಲಿನ ಮೇಲೆ ಒಂದೂವರೆ ಅಡಿ ಬರಿದು. ಹೀಗೆ ತಗ್ಗಿನ ಕಡೆಯ ಸೂರು ೩ ಅಡಿ, ಎತ್ತರದ ಕಡೆಯ ಸೂರು ೩½ ಅಡಿ ಆಗುತ್ತದೆ. ನೆಲಕ್ಕೆ ಹಲಗೆ ಬೇಡ. ಬಿದಿರಿನ ದಬ್ಬೆಗಳನ್ನು ಮುಕ್ಕಾಲು ಅಂಗುಲದ ಸಂದು ಬಿಟ್ಟು ಹೊಡೆದರೆ ಹಿಕ್ಕೆಯೆಲ್ಲ ಕೆಳಗೆ ಬೀಳುತ್ತದೆ. ಗುಡಿಸುವ ಕೆಲಸವೂ ತಪ್ಪುತ್ತದೆ, ತೂಕವೂ ಉಳಿಯುತ್ತದೆ.

ಮೊಟ್ಟೆಯಿಡುವುದಕ್ಕೆ ನಾಲ್ಕೈದು ಹೇಂಟೆಗಳಿಗೆ ಒಂದರಂತೆ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಗೂಡುಬುಟ್ಟಿ ಬೇಕು. ಮೇದರವರು ಹೆಣೆದ ಬಿದಿರಿನ ಬುಟ್ಟಿಯೇ ಸಾಕು. ಅದು ಗೋಲಿಗಿಂತ ಕೆಳಗಿರಬೇಕು. ಮೇಲಿದ್ದರೆ ಕೋಳಿಗಳು ರಾತ್ರಿ ಅದರಲ್ಲೇ ಕುಳಿತು ಹೊಲಸುಮಾಡುವುವು.

ಅಂಗಳದ ಗೂಡಿನ ಲೆಕ್ಕ ಬೇರೆ. ಇಲ್ಲಿ ಕೋಳಿಯು ಹಗಲನ್ನೂ ಒಳಗೇ ಕಳೆಯಬೇಕಾದುದರಿಂದ ಗೂಡೂ ಅಂಗಳವೂ ಸೇರಿ ತಲೆಗೆ ೪ ಚದರ ಅಡಿಗೆ ಕಡಿಮೆಯಿರಬಾರದು. ಅದೂ ದಿನಕ್ಕೊಮ್ಮೆ ತಪ್ಪದೆ ಸರಿಸುವ ಪಕ್ಷದಲ್ಲಿ. ೧೨ ಕೋಳಿಗಳಿಗೆ ೪೮ ಚದರ ಅಡಿ, ಎಂದರೆ ೪ ಅಡಿ ಅಗಲ, ೧೨ ಅಡಿ ಉದ್ದ. ಇದರಲ್ಲಿ ಒಂದು ಕೊನೆಯ ೩ ಅಡಿ ರಾತ್ರಿಗೂಡು, ಉಳಿದ ೯ ಅಡಿ ಅಂಗಳ. ಅಗಲವನ್ನು ೪ ಅಡಿಗೆ ಮೀರಿಸಬಾರದು. ಎರಡು ಕಡೆಗಳಿಂದಲೂ ಕೈ ನೀಡಿದರೆ ನಡುವಿನ ಕೋಳಿಯನ್ನೂ ಹಿಡಿಯಲು ಸಾಧ್ಯವಾಗುವುದು ಅಷ್ಟರಲ್ಲೇ. ತೋಟದ ಬೇಲಿಯ ಬಾಗಿಲಿನಲ್ಲಿ ಗೂಡು ನುಸುಳಬೇಕಾದುದೂ ಉಂಟಷ್ಟೆ. ಬಾಗಿಲನ್ನು ಮೊದಲು ಅಳೆದು ಆಮೇಲೆ ಗೂಡನ್ನು ಕಟ್ಟಿಸಿರಿ.

ಹಿಂಡಿನ ಪ್ರಮಾಣಕ್ಕೆ ತಕ್ಕಂತೆ ಅಳತೆಗಳು ಈ ಕೆಳಗಿನಂತಿರುತ್ತವೆ.

೬ ಕೋಳಿಗಳಿಗೆ: ೪ ಅಡಿಯ ಗೋಲು ಒಂದು, ರಾತ್ರಿಗೂಡು ೪ ಅಡಿಗೆ ೨ ಅಡಿ, ಅಂಗಳವೂ ಸೇರಿ ೪ ಅಡಿಗೆ ೬ ಅಡಿ.

೯ ಕೋಳಿಗಳಿಗೆ: ೪ ಅಡಿಯ ಗೋಲು ಎರಡು, ರಾತ್ರಿಗೂಡು ೪ ಅಡಿಗೆ ೩ ಅಡಿ, ಅಂಗಳವೂ ಸೇರಿ ೪ ಅಡಿಗೆ ೯ ಅಡಿ.

೧೨ ಕೋಳಿಗಳಿಗೆ: ೪ ಅಡಿಯ ಗೋಲು ಎರಡು, ರಾತ್ರಿಗೂಡು ೪ ಅಡಿಗೆ ೩ ಅಡಿ, ಅಂಗಳವೂ ಸೇರಿ ೪ ಅಡಿಗೆ ೧೨ ಅಡಿ.

೧೮ ಕೋಳಿಗಳಿಗೆ: ರಾತ್ರಿಗೂಡು ಮಾತ್ರವಾದರೆ ೪ ಅಡಿಯ ಗೋಲು ಮೂರು, ೪ ಅಡಿಗೆ ೪ ಅಡಿ. ಅಂಗಳ ಬೇಕಾದರೆ ೯ ಕೋಳಿಗಳ ಗೂಡುಗಳು ಎರಡು.

೨೪ ಕೋಳಿಗಳಿಗೆ: ೧೨ ಕೋಳಿಗಳ ಗೂಡುಗಳು ಎರಡು.

ಈ ಪಟ್ಟಿಯ ತಾತ್ಪರ್ಯವಿಷ್ಟು: ಹಿಂಡು ಬೆಳೆದಂತೆ ಗೂಡನ್ನು ಬೆಳೆಸಬಾರದು, ಗೂಡುಗಳ ಸಂಖ್ಯೆಯನ್ನು ಬೆಳೆಸಬೇಕು. ಎರಡು ಗೂಡುಗಳಿದ್ದರೆ ಒಂದರಲ್ಲಿ ಬೇನೆ ಕಂಡಾಗ ಇನ್ನೊಂದನ್ನು ದೂರವಿಡಲೂ ಅನುಕೂಲವುಂಟು.

ಮೇಲಿನ ಲೆಕ್ಕವೆಲ್ಲ ನಾಟಿ ಕೋಳಿಗೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂತಹ ದೊಡ್ಡ ಮೈಯ ಕೋಳಿಗಳಿಗೆ ಗೋಲಿನ ಮೇಲೆ ೧೦ ಅಂಗುಲವಾದರೂ ಬೇಕಾಗುವುದರಿಂದ, ೧೨ ನಾಟಿ ಕೋಳಿಗಳ ಗೂಡಿನಲ್ಲಿ ಅವುಗಳನ್ನು ೮ಕ್ಕೆ ಮೀರಿ ಇಡಬಾರದು. ಗೋಲನ್ನೂ ಇನ್ನಷ್ಟು ತಗ್ಗಿಸಬೇಕು.

೨. ಎತ್ತುವವರ ಲೆಕ್ಕ

ಕೋಳಿಗಳನ್ನು ಸಾಕುವವರು ಸಾಮಾನ್ಯವಾಗಿ ಮನೆಯ ಹೆಂಗಸರು. ಬೆಳಗ್ಗೆ ಗೂಡಿನ ಬಾಗಿಲು ತೆರೆಯುವವರೂ ಅವರೇ. ಆ ಹೊತ್ತಿಗೆ ಗಂಡಸರು ಹೊಲದಲ್ಲೋ ಹಾಲಿನ ಡೇರಿಯಲ್ಲೋ ಇರುವರು. ಆದುದರಿಂದ ಗೂಡಿನ ತೂಕವು ಯಜಮಾನನ ಆಳುಗಳ ಬಲಕ್ಕಲ್ಲ, ಇಬ್ಬರು ಹೆಂಗಸರ ಬಲಕ್ಕೆ ತಕ್ಕುದಾಗಿರಬೇಕು. ದಿನವೂ ಬೇರೆಯವರನ್ನು ಕರೆಯಬೇಕಾದ ಕೆಲಸವು ಹತ್ತು ದಿನ ನಡೆದು ಹನ್ನೊಂದನೆಯ ದಿನ ನಿಲ್ಲುತ್ತದೆ.

ಮರದ ತೂಕವನ್ನು ಮೊದಲೇ ಲೆಕ್ಕಹಾಕುವುದು ಕಷ್ಟವಲ್ಲ. ೨ ಅಂಗುಲಕ್ಕೆ ೨ ಅಂಗುಲದ ರೀಪು ೩೬ ಅಡಿ ಉದ್ದವಿದ್ದರೆ ಒಂದು ಘನ ಅಡಿ ಮರವಾಗುತ್ತದೆ. ಒಂದೂವರೆ ಅಂಗುಲದ ರೀಪಾದರೆ ಒಂದು ಘನ ಅಡಿಯಲ್ಲಿ ೬೪ ಅಡಿ ಉದ್ದ ದೊರೆಯುತ್ತದೆ. ಒಣಗಿದ ಸಿಲ್ವರ್ ಓಕ್ ಮರವು ಘನ ಅಡಿಗೆ ಸುಮಾರು ೧೭ ಕಿಲೋ, ಜಾಲಿಯು ಸುಮಾರು ೨೨ ಕಿಲೋ, ಮತ್ತಿಯು ಸುಮಾರು ೨೫ ಕಿಲೋ ತೂಗುತ್ತದೆ.

೪ ಅಡಿಗೆ ೧೨ ಅಡಿಯ ಅಂಗಳದ ಗೂಡಿನ ಕಟ್ಟಿಗೆ ಕೆಳಗಿನ ಚೌಕಟ್ಟು, ನಿಲುವುಗಳು, ಮೇಲಿನ ಚೌಕಟ್ಟು, ಓರೆಗಟ್ಟು, ಗೋಲು ಎಲ್ಲವೂ ಸೇರಿ ಸುಮಾರು ೧೨೦ ಅಡಿ ರೀಪು ಹಿಡಿಯುತ್ತದೆ. ಮತ್ತಿಯ ೨ ಅಂಗುಲದ ರೀಪಾದರೆ ಕಟ್ಟಿನ ತೂಕವೇ ೮೩ ಕಿಲೋ. ಸಿಲ್ವರ್ ಓಕಿನ ಒಂದೂವರೆ ಅಂಗುಲದ ರೀಪಾದರೆ ೩೨ ಕಿಲೋ. ಕೋಳಿಗೆ ಎರಡೂ ಒಂದೇ, ಎತ್ತುವವರಿಗೆ ಒಂದಲ್ಲ. ಉಳಿದುದರಲ್ಲಿ ರಾತ್ರಿಗೂಡಿನ ಮೇಲಿನ ೧೬ ಚದರ ಅಡಿ ತಗಡಿಗೆ ಸುಮಾರು ೮ ಕಿಲೋ, ತಂತಿಬಲೆಗೆ ೮ ಕಿಲೋ, ಬಿದಿರಿನ ತಡಿಕೆಯ ಗೋಡೆಗೆ ೫ ಕಿಲೋ, ದಬ್ಬೆಯ ನೆಲಕ್ಕೆ ೫ ಕಿಲೋ, ಬುಟ್ಟಿಗಳಿಗೆ ೨ ಕಿಲೋ ಎಂದಿಟ್ಟುಕೊಂಡರೆ ಎಲ್ಲ ಸೇರಿ ೬೦ ಕಿಲೋ ಆಗುತ್ತದೆ. ಮಂಗಳೂರು ಹೆಂಚು ಹೊದಿಸುವ ಆಲೋಚನೆಯನ್ನು ಯಾರೂ ಮಾಡಬಾರದು. ಅಷ್ಟೇ ಸೂರಿಗೆ ಹೆಂಚಿನ ತೂಕ ಒಂದೇ ೫೦ ಕಿಲೋಗೆ ಮೀರುತ್ತದೆ.

೬೦ ಕಿಲೋವನ್ನು ಇಬ್ಬರು ಹೆಂಗಸರು ದಿನವೂ ಎತ್ತಬೇಕೆಂದು ಹೇಳುವುದು ನ್ಯಾಯವಲ್ಲ. ಆದುದರಿಂದ ಭಾರವಾದ ಕಡೆಗೆ, ಎಂದರೆ ರಾತ್ರಿಗೂಡಿನ ಕೊನೆಗೆ, ತಳ್ಳುಗಾಡಿಯ ಎರಡು ಚಿಕ್ಕ ಚಕ್ರಗಳನ್ನು ಹಾಕಿಸಬೇಕು. ಆಗ ಅಂಗಳದ ಕೊನೆಯಲ್ಲಿ ಹಿಡಿದೆತ್ತುವವರ ಮೇಲೆ ಬೀಳುವ ಭಾರ ೨೦ರಿಂದ ೨೨ ಕಿಲೋ ಮಾತ್ರ. ಇಬ್ಬರು ಹಿಡಿದರೆ ಒಬ್ಬೊಬ್ಬರಿಗೆ ಒಂದು ಕೊಡ ನೀರಿನಷ್ಟು. ಮತ್ತಿಯ ದಪ್ಪ ರೀಪಿನ ಗೂಡಾದರೆ ಚಕ್ರವಿದ್ದರೂ ಎತ್ತಬೇಕಾದ ಭಾರ ೪೫ ಕಿಲೋವನ್ನು ಮೀರುತ್ತದೆ. ಚಕ್ರಗಳ ಎತ್ತರ ಒಂದು ಅಡಿಯಷ್ಟಾದರೂ ಇರಲಿ. ಚಿಕ್ಕವಾದರೆ ಉತ್ತ ನೆಲದಲ್ಲಿ ಹೂಳುತ್ತವೆ. ಚಕ್ರದ ಅಚ್ಚು ಚೌಕಟ್ಟಿನ ಕೊನೆಯಿಂದ ಅರ್ಧ ಅಡಿ ಹೊರಕ್ಕಿದ್ದು, ಗೂಡು ನೆಲದ ಮೇಲೆ ಕುಳಿತಾಗ ಚಕ್ರವು ನೆಲಕ್ಕೆ ಅರ್ಧ ಅಂಗುಲ ಮೇಲಿರಬೇಕು. ಇನ್ನೊಂದು ಕೊನೆಯನ್ನು ಎತ್ತಿದೊಡನೆ ಚಕ್ರ ತಾನಾಗಿ ನೆಲ ಮುಟ್ಟುತ್ತದೆ. ಇಳಿಸಿದೊಡನೆ ಚೌಕಟ್ಟು ನೆಲಕ್ಕೆ ಕೂತು ಮುಂಗುಸಿಗೆ ಸಂದು ಇಲ್ಲದಂತಾಗುತ್ತದೆ.

ಚಕ್ರ ದೊರೆಯದ ಕಡೆಗಳಲ್ಲಿ ಗೂಡನ್ನೂ ಅಂಗಳವನ್ನೂ ಬಿಡಿಬಿಡಿಯಾಗಿ ಕಟ್ಟಿಸಿ ಕೊಂಡಿಗಳಿಂದ ಸೇರಿಸಬಹುದು. ಆಗ ರಾತ್ರಿಗೂಡಿನ ಎರಡು ಪಕ್ಕಗಳಿಗೂ ಬಿದಿರಿನ ಬೊಂಬುಗಳನ್ನು ಕಟ್ಟಿ, ಪಲ್ಲಕ್ಕಿಯಂತೆ ಹಿಂದೊಬ್ಬರು ಮುಂದೊಬ್ಬರು ಹಿಡಿದು ಸಾಗಿಸಬಹುದು. ಹೇಗಾದರೂ ಕೋಳಿಗಳನ್ನು ಹೊರಗೆ ಬಿಟ್ಟ ಮೇಲೆ, ಇಲ್ಲವೆ ಅಂಗಳಕ್ಕೆ ಇಳಿಸಿದ ಮೇಲೆ ಸರಿಸುವುದು ಮೇಲು. ೧೨ ಕೋಳಿಗಳೇ ೧೫ ಕಿಲೋಗೆ ಮೀರಿ ತೂಗುತ್ತವೆಂಬುದನ್ನು ಮರೆಯಬಾರದು. ಅಂಗಳದೊಳಗೆ ಕೋಳಿಗಳಿರುವಾಗ ಸರಿಸುವುದಾದರೆ ಬಹಳ ನಿಧಾನವಾಗಿ ಸರಿಸಬೇಕು. ಅವಸರಪಟ್ಟರೆ ಹಿಂದುಳಿದ ಕೋಳಿಯ ಕಾಲು ಚೌಕಟ್ಟಿಗೆ ಸಿಕ್ಕಿ ಮುರಿಯುತ್ತದೆ.

೩. ನೆಲದ ಲೆಕ್ಕ

ಗೂಡು ಹಿಂದಿನ ಜಾಗಕ್ಕೆ ಮತ್ತೆ ಬರುವುದಕ್ಕೆ ಮುಂಚೆ ಎಷ್ಟು ದಿನ ಕಳೆಯಬೇಕು, ಅದಕ್ಕೆ ಎಷ್ಟು ನೆಲ ಬೇಕು ಎಂಬುದು ಮೂರನೆಯ ಲೆಕ್ಕ. ಒಂದು ಗುಂಟೆ ಎಂದರೆ ೩೩ ಅಡಿಗೆ ೩೩ ಅಡಿ, ೧೦೮೯ ಚದರ ಅಡಿ. ೪೮ ಚದರ ಅಡಿಯ ಗೂಡು ದಿನಕ್ಕೊಂದು ಜಾಗದಂತೆ ಒಂದು ಗುಂಟೆಯನ್ನು ಸುಮಾರು ೨೨ ದಿನಗಳಲ್ಲಿ ಮುಗಿಸುತ್ತದೆ. ಇದು ಸಾಲದು. ಮೂರು ಗುಂಟೆಯ ಒಂದು ಪಟ್ಟಿಯನ್ನು ತೆಗೆದುಕೊಳ್ಳಿ: ೯೯ ಅಡಿ ಉದ್ದ, ೩೩ ಅಡಿ ಅಗಲ. ಉದ್ದಕ್ಕೆ ೧೨ ಅಡಿಯ ಗೂಡು ೮ ಸಲ ಕೂಡುತ್ತದೆ. ಅಗಲಕ್ಕೆ ೪ ಅಡಿಯ ಸಾಲುಗಳು ೮ ಆಗುತ್ತವೆ. ಎಂಟೆಂಟಲೆ ಅರವತ್ತನಾಲ್ಕು. ಮೊದಲನೆಯ ಜಾಗಕ್ಕೆ ಗೂಡು ಮರಳುವುದು ೬೪ ದಿನಗಳ ಮೇಲೆ. ದಿನವೂ ಮುಂದಕ್ಕೆ ಒಂದು ಗೂಡಿನ ಉದ್ದ ಎಳೆಯುವುದು, ಸಾಲು ಮುಗಿದಾಗ ತಿರುಗಿಸಿ ಪಕ್ಕದ ಸಾಲಿಗೆ ಹಾಕುವುದು. ಇಷ್ಟೇ ಕೆಲಸ, ಮಕ್ಕಳಿಗೂ ಲೆಕ್ಕ ತಪ್ಪುವುದಿಲ್ಲ.

೬೪ ದಿನಗಳಲ್ಲಿ ರೋಗದ ಬೀಜವೆಲ್ಲ ನಾಶವಾಗುತ್ತದೆಂದು ನಂಬಬಾರದು. ಜಂತುಹುಳುವಿನ ಮೊಟ್ಟೆಗಳು ನೆರಳಿನ ತೇವದ ಮಣ್ಣಿನಲ್ಲಿ ವರ್ಷಕ್ಕೂ ಮೀರಿ ಉಳಿಯಬಲ್ಲುವು. ಆದರೆ ಬಿಸಿಲೂ ಒಣಗಾಳಿಯೂ ಬಹುಭಾಗವನ್ನು ಕೊಲ್ಲುತ್ತವೆ. ಒಂದು ಸುತ್ತು ಮುಗಿದ ಮೇಲೆ ಆ ಪಟ್ಟಿಯನ್ನು ಉತ್ತು ಬೆಳೆಯಿಟ್ಟು, ಗೂಡನ್ನು ಬೇರೊಂದು ಪಟ್ಟಿಗೆ ಕೊಂಡೊಯ್ಯುವುದು ಎಲ್ಲಕ್ಕಿಂತ ಉತ್ತಮ. ಪಿಳ್ಳೆಗಳಿರುವ ಗೂಡನ್ನು ಆ ವರ್ಷದಲ್ಲಿ ಕೋಳಿ ಕಾಲಿಡದ ನೆಲದ ಮೇಲೆಯೇ ನಡೆಸತಕ್ಕದ್ದು.

ಗೊಬ್ಬರದ ಲಾಭವನ್ನೂ ಇಲ್ಲಿಯೇ ಎಣಿಸಬಹುದು. ಒಂದು ಕೋಳಿಯು ದಿನಕ್ಕೆ ಸುಮಾರು ೧೧೦ ಗ್ರಾಂ ಹಸಿ ಹಿಕ್ಕೆಯನ್ನು ಹಾಕುತ್ತದೆ. ೧೨ ಕೋಳಿಗಳು ಒಂದು ಗುಂಟೆಯನ್ನು ಮುಗಿಸುವ ೨೨ ದಿನಗಳಲ್ಲಿ ಸುಮಾರು ೨೯ ಕಿಲೋ ಹಿಕ್ಕೆಯು, ಹೊರುವ ಕೂಲಿಯಿಲ್ಲದೆ, ನೆಲದ ಮೇಲೆ ಸಮವಾಗಿ ಹರಡುತ್ತದೆ. ಇದು ದನದ ಗೊಬ್ಬರಕ್ಕಿಂತ ಬಹಳ ತೀಕ್ಷ್ಣವಾದುದು. ಗೂಡು ಒಂದೇ ಕಡೆ ನಿಂತರೆ ಅಲ್ಲಿಯ ಹುಲ್ಲು ಸುಟ್ಟುಹೋಗುವುದೂ, ಸರಿದರೆ ಹಿಂದೆ ಹಸಿರು ಚಿಗುರುವುದೂ ಒಂದೇ ಗೊಬ್ಬರದ ಗುಣವೇ.

ತೆಂಗಿನ ತೋಟವು ಇಂಥ ಗೂಡಿಗೆ ಬಹಳ ಒಪ್ಪುವ ನೆಲ. ಸಾಲಿನಿಂದ ಸಾಲಿಗೆ ೩೦ ಅಡಿ ಇರುವಲ್ಲಿ ೪ ಅಡಿಯ ಗೂಡು ಮರಕ್ಕೆ ತಾಗದೆ ಓಡಾಡುತ್ತದೆ, ನೆರಳೂ ಉಂಟು. ಗೊಬ್ಬರದ ಗುಂಡಿಯನ್ನು ತೋಡಿದ ದಿನ ಗೂಡನ್ನು ಅದರ ಬಳಿಗೆ ತಂದು ಕೋಳಿಗಳನ್ನು ಬಿಟ್ಟರೆ, ತೆಂಗಿನ ಸುಳಿಯನ್ನು ಕೊರೆಯುವ ದುಂಬಿಯ ಮರಿಗಳಾದ ದಪ್ಪ ಗೊಣ್ಣೆಹುಳುಗಳನ್ನು ಹೆಕ್ಕಿ ತಿನ್ನುವುವು. ರಾಗಿ ಕೊಯ್ದ ಹೊಲದಲ್ಲಿ ಗೂಡನ್ನು ನಡೆಸಿದರೆ ಉದುರಿದ ಕಾಳು ಕೋಳಿಗೆ ಸಂದು, ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ತರಕಾರಿಯ ಎಳೆಯ ಪೈರಿದ್ದಲ್ಲಿ ಮಾತ್ರ ಅಂಗಳದ ಬಾಗಿಲನ್ನು ತೆರೆಯಬಾರದು.

ಗಾಳಿ, ನೆರಳು, ಕಾವಲು

ಕೋಳಿಗೆ ಬೆವರುವ ಗುಣವಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು ಮೈಯ ಕಾವನ್ನು ಕಳೆಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಚಳಿಗಿಂತ ಸೆಕೆಯಿಂದ ಸ‌ಾಯುವ ಕೋಳಿಗಳೇ ಹೆಚ್ಚು. ಆದುದರಿಂದ ರಾತ್ರಿಗೂಡಿನ ಎರಡು ಉದ್ದದ ಪಕ್ಕಗಳಲ್ಲಿಯೂ ಸೂರಿನ ಕೆಳಗೆ ಅರ್ಧ ಅಡಿ ಎತ್ತರ ತಂತಿಬಲೆ ಮಾತ್ರ ಇರಲಿ. ತಗಡಿನ ಮೇಲೆ ಹುಲ್ಲನ್ನಾಗಲಿ ತೆಂಗಿನ ಗರಿಯನ್ನಾಗಲಿ ಕಟ್ಟಬೇಕು. ಅಂಗಳದ ಅರ್ಧವನ್ನಾದರೂ ಗರಿಯಿಂದ ಮುಚ್ಚಬೇಕು. ೧೨ ಕೋಳಿಗಳಿಗೆ ದಿನಕ್ಕೆ ಮೂರು ಲೀಟರು ನೀರು, ಬೇಸಿಗೆಯಲ್ಲಿ ಅದರ ಎರಡರಷ್ಟು ಬೇಕು.

ಅಂಗಳದ ಬಲೆಯು ಕೆಳಗಿನ ಒಂದೂವರೆ ಅಡಿಯಲ್ಲಿ ಅರ್ಧ ಅಂಗುಲದ ಕಣ್ಣುಗಳುಳ್ಳದ್ದಾಗಿರಲಿ. ಅಗಲ ಕಣ್ಣಿನ ಬಲೆಯು ಕೋಳಿಯನ್ನು ಒಳಗೆ ತಡೆಯುತ್ತದೆಯೇ ಹೊರತು ಹಾವನ್ನೂ ಹೆಗ್ಗಣವನ್ನೂ ಹೊರಗೆ ತಡೆಯುವುದಿಲ್ಲ. ಸಂಜೆ ಕೋಳಿಗಳು ಗೋಲನ್ನೇರಿದ ಕೂಡಲೇ ರಾತ್ರಿಗೂಡಿನ ಬಾಗಿಲನ್ನು ಮುಚ್ಚುವ ಅಭ್ಯಾಸವು ಯಾವ ಬಲೆಗಿಂತಲೂ ದೊಡ್ಡ ಕಾವಲು. ಮಲೆನಾಡಿನ ಜಡಿಮಳೆಯ ತಿಂಗಳುಗಳಲ್ಲಿ ಅಂಗಳವನ್ನು ಬಿಚ್ಚಿಟ್ಟು, ರಾತ್ರಿಗೂಡನ್ನು ಮಾಡಿನ ಕೆಳಗೆ ಒಣನೆಲದಲ್ಲಿಡುವುದೇ ಸರಿ.

ಗೂಡಿನಿಂದ ಆಗದ ಕೆಲಸ

ಗೂಡನ್ನು ಸರಿಸಿದ ಮಾತ್ರಕ್ಕೆ ಎಲ್ಲ ಬೇನೆಗಳೂ ನಿಲ್ಲುವುವೆಂದು ಭಾವಿಸಬಾರದು. ನಮ್ಮಲ್ಲಿ ಕೊಕ್ಕರೆ ರೋಗವೆಂದು ಕರೆಯುವ ಬೇನೆಯನ್ನು ಇಂಡಿಯಾದಲ್ಲಿ ಮೊದಲು ಗುರುತಿಸಿದುದು ೧೯೨೭ರಲ್ಲಿ, ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ. ರಾಣಿಖೇತ ರೋಗವೆಂಬ ಹೆಸರು ಅದರಿಂದಲೇ ಬಂದಿತು. ಇದು ಗಾಳಿ, ನೀರು, ಸಂತೆಯಿಂದ ತಂದ ಹೊಸ ಕೋಳಿ, ಬಟ್ಟೆ, ಪಾತ್ರೆ ಯಾವುದರಿಂದಲಾದರೂ ಬರಬಲ್ಲುದು. ಬಂದ ಮೇಲೆ ಔಷಧವಿಲ್ಲ, ಬಾರದಂತೆ ಲಸಿಕೆಯುಂಟು. ಪಿಳ್ಳೆಗಳ ಮೊದಲನೆಯ ವಾರದಲ್ಲಿಯೂ, ಮತ್ತೆ ಎಂಟು ವಾರಗಳ ವಯಸ್ಸಿನಲ್ಲಿಯೂ ಹತ್ತಿರದ ಪಶುವೈದ್ಯರಿಂದ ಅದನ್ನು ಹಾಕಿಸತಕ್ಕದ್ದು. ಸಂತೆಯ ಕೋಳಿಯನ್ನು ಎರಡು ವಾರ ಬೇರೆ ಮಂಕರಿಯಲ್ಲಿಟ್ಟು ನೋಡಿದ ಮೇಲೆಯೇ ಗೂಡಿಗೆ ಸೇರಿಸಬೇಕು.

ಅಂಗಳದ ಗೂಡಿನಲ್ಲಿರುವ ಕೋಳಿಯು ತಾನೇ ಮೇದು ಹೊಟ್ಟೆ ತುಂಬಿಸಿಕೊಳ್ಳುವುದೆಂಬ ಆಸೆಯೂ ತಪ್ಪು. ೪೮ ಚದರ ಅಡಿಯ ಹುಲ್ಲೂ ಹುಳುವೂ ೧೨ ಕೋಳಿಗಳಿಗೆ ಬೆಳಗಿನ ಬಾಯಾಡಿಸುವಿಕೆಗೆ ಸಾಕಾದೀತು. ರಾಗಿ, ಮುರಿದ ಜೋಳ, ಅಕ್ಕಿಯ ತೌಡು, ಹಿಂಡಿ ಇವುಗಳಿಂದ ಒಂದು ಕಿಲೋಗೆ ಮೇಲ್ಪಟ್ಟು ಮೇವನ್ನು ದಿನವೂ ಕೊಡಲಾರದವರು ರಾತ್ರಿಗೂಡನ್ನಷ್ಟೇ ಕಟ್ಟಿಸಿ ಹಗಲು ಹೊರಗೆ ಬಿಡುವುದೇ ಲೇಸು.

ಮುಕ್ತಾಯ

ಮೇಲೆ ಹೇಳಿದ ಪ್ರಮುಖರ ಮನೆಯಲ್ಲಿ ಹಳೆಯ ಗೂಡನ್ನು ಆ ವರ್ಷವೇ ಬಿಚ್ಚಿದರು. ಅದರ ಹಲಗೆಗಳು ಕೊಟ್ಟಿಗೆಯ ಅಟ್ಟಕ್ಕೆ ಉಪಯೋಗವಾದುವು. ಅದೇ ಬಡಗಿಯಿಂದ ಈ ಲೇಖನದ ಅಳತೆಯ ಎರಡು ಗೂಡುಗಳನ್ನು ಮಾಡಿಸಲಾಯಿತು. ಈ ಸಲ ಗೂಡನ್ನು ಒಪ್ಪಿಕೊಳ್ಳುವುದಕ್ಕೆ ಮುಂಚೆ ಯಜಮಾನರ ತಾಯಿಯವರೂ ಸೊಸೆಯೂ ಅದನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಎಳೆದು ನೋಡಿದರು. ಒಂದರ ಹಿಡಿ ಎತ್ತರವಾಯಿತೆಂದು ಹೇಳಿ ಎರಡು ಅಂಗುಲ ತಗ್ಗಿಸಿದರು. ಆಮೇಲಿನ ಮುಂಗಾರಿನಲ್ಲಿ ನಾನು ಹೋದಾಗ ಮಳೆ ಹನಿಯುತ್ತಿತ್ತು, ಆಳುಗಳು ಹೊಲದಲ್ಲಿದ್ದರು, ಗೂಡು ಮಾತ್ರ ಹಿಂದಿನ ದಿನದ ಜಾಗದಲ್ಲಿರಲಿಲ್ಲ. ತೋಟದ ಸಾಲಿನುದ್ದಕ್ಕೂ ೧೨ ಅಡಿಗೊಂದರಂತೆ ಹಸಿರು ಚೌಕಗಳು, ಒಂದಕ್ಕಿಂತ ಒಂದು ದಟ್ಟವಾಗಿ, ಹಿಂದಕ್ಕೆ ಹೋಗಿದ್ದುವು. ಗೂಡಿನೊಳಗೆ ಪಿಳ್ಳೆಗಳು ಕೆದಕುತ್ತಿದ್ದುವು.

ಗ್ರಾಮದ ಪ್ರಮುಖರೂ ಜಮೀನುದಾರರೂ ತಮ್ಮ ಹಿತ್ತಿಲಿನಲ್ಲಿ ಇಂಥ ಒಂದು ಗೂಡನ್ನು ಮೊದಲು ನಡೆಸಿ ತೋರಿಸಿದರೆ, ಐದಾರು ಕೋಳಿಗಳುಳ್ಳ ಬಡ ಸಂಸಾರಗಳು ಬಿದಿರಿನಿಂದಲೇ ಚಿಕ್ಕ ಪ್ರಮಾಣದಲ್ಲಿ ಅದನ್ನು ಕಟ್ಟಿಕೊಳ್ಳುವುವು. ಬಡಗಿಗೆ ಅಳತೆಯನ್ನು ಹೇಳುವ ಮುಂಚೆ ಕೋಳಿಗಳನ್ನು ಎಣಿಸಿರಿ, ಬೇಲಿಯ ಬಾಗಿಲನ್ನೂ ನೆಲವನ್ನೂ ಅಳೆಯಿರಿ. ಎಲ್ಲಕ್ಕಿಂತ ಮೊದಲು, ದಿನವೂ ಗೂಡನ್ನು ಎತ್ತತಕ್ಕವರನ್ನು ಕರೆದು ಕೇಳಿರಿ.